ತಮ್ಮನ ಮಗಳಿಗೆ ಜಿಂಕೆ ಬೇಟೆಯ ರೈಫಲ್: ಉಕ್ಕು ಅಂಗಡಿಯದ್ದು, ಮರಗೆಲಸ ಮನೆಯದ್ದು (ಟೆಕ್ಸಾಸ್)

ಡೆಂಟನ್_ದೊಡ್ಡಪ್ಪ
ತಮ್ಮನ ಮಗಳಿಗೆ 14 ವರ್ಷ. ಎತ್ತರ 5 ಅಡಿ 1 ಇಂಚು, ತೂಕ 105 ಪೌಂಡ್. ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಬಂದಿದೆ. ನವೆಂಬರಿನ ವೈಟ್‌ಟೇಲ್ ಸೀಸನ್ನಿಗೆ ಅವಳ ಅಳತೆಗೆ ಒಂದು ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ಮುಚ್ಚುವಂಥದ್ದು) ಕೂಡಿಸಬೇಕು. ಹೋವಾ 1500 ಶಾರ್ಟ್ ಆ್ಯಕ್ಷನ್ನು (ಬೋಲ್ಟು, ಟ್ರಿಗರು ಕೂರುವ ಉಕ್ಕಿನ ಭಾಗ), ನಳಿಗೆ ಸಮೇತ ಕಾರ್ಖಾನೆಯಲ್ಲೇ ಜೋಡಿಸಿದ್ದು, ಅರ್ಧ ಕೆತ್ತಿದ ಲ್ಯಾಮಿನೇಟ್ ಸ್ಟಾಕು (ಭುಜಕ್ಕೆ ಒರಗುವ ಮರದ ಭಾಗ), 3-9×40 ಸ್ಕೋಪು. ಇಷ್ಟು ಯೋಚನೆ. ಉಕ್ಕಿನ ಕೆಲಸಕ್ಕೆ ಕೈ ಹಾಕುವುದಿಲ್ಲ. ಮೂರು ಪ್ರಶ್ನೆ: ಯಾವ ಕ್ಯಾಲಿಬರ್? ಸ್ಟಾಕು ಎಷ್ಟು ಕತ್ತರಿಸಬೇಕು? ಲ್ಯಾಮಿನೇಟ್‌ಗೂ ಬೆಡ್ಡಿಂಗ್ (ಆ್ಯಕ್ಷನ್ನು ಮರದಲ್ಲಿ ಸರಿಯಾಗಿ ಕೂರಲು ಎಪಾಕ್ಸಿ ಹಾಸುವುದು) ಬೇಕಾ? ದುಡ್ಡು ತಮ್ಮ ಕೊಡುತ್ತಾನೆ, ಅಂಗಡಿಗೆ ಹೋಗಿ ತರುವುದು ನಾನು.

ಫಾರಂ_4473
ಕೊನೆಯ ಸಾಲಿನಲ್ಲೇ ಎಡವಟ್ಟಿದೆ, ಮೊದಲು ಅದನ್ನು ಸರಿಮಾಡಿಕೊಳ್ಳಿ. ಆ್ಯಕ್ಷನ್ ಮೇಲೆ ಸೀರಿಯಲ್ ನಂಬರ್ ಇರುತ್ತದೆ, ಕಾನೂನಿನ ಕಣ್ಣಿಗೆ ಅದೊಂದೇ ಬಂದೂಕು. ಅಂಗಡಿಯಿಂದ ಕೊಳ್ಳುವಾಗ ಲೈಸೆನ್ಸ್ ಇರುವ ಡೀಲರ್ ಬಳಿ 4473 ಎಂಬ ಫೆಡರಲ್ ಖರೀದಿ ಫಾರಂ ತುಂಬಿ ಹಿನ್ನೆಲೆ ತಪಾಸಣೆ ಆಗಬೇಕು. ಆ ಫಾರಂ ‘ನಿಜವಾದ ಖರೀದಿದಾರ ನೀವೇನಾ’ ಎಂದು ಕೇಳುತ್ತದೆ. ತಮ್ಮನ ದುಡ್ಡಿನಲ್ಲಿ ನೀವು ಹೌದು ಎಂದು ಸಹಿ ಹಾಕಿದರೆ ಅದು ಸ್ಟ್ರಾ ಪರ್ಚೇಸ್, ಅಂದರೆ ಬೇನಾಮಿ ಖರೀದಿ. ಇಬ್ಬರೂ ಬಂದೂಕು ಇಟ್ಟುಕೊಳ್ಳಲು ಅರ್ಹರಾಗಿದ್ದರೂ ಅಷ್ಟೇ. 2014ರ ಅಬ್ರಾಮ್‌ಸ್ಕಿ ಪ್ರಕರಣ ಇದೇ: ಸಂಬಂಧಿಯ ಹಣದಲ್ಲಿ ಸಂಬಂಧಿಗಾಗಿ ಪಿಸ್ತೂಲು ಕೊಂಡಿದ್ದು. ಸುಪ್ರೀಂ ಕೋರ್ಟ್ 5–4ರಲ್ಲಿ ಶಿಕ್ಷೆ ಎತ್ತಿಹಿಡಿಯಿತು. 2022ರ ಕಾಯ್ದೆ ಬಂದಮೇಲೆ ಸ್ಟ್ರಾ ಪರ್ಚೇಸಿಗೆ ಬೇರೆಯೇ ಕಲಂ ಇದೆ, ಶಿಕ್ಷೆಯೂ ಭಾರಿ.

ದಾರಿ ಎರಡು. ನಿಮ್ಮದೇ ದುಡ್ಡಿನಲ್ಲಿ ಕೊಂಡು ನಿಜವಾಗಿ ಉಡುಗೊರೆ ಕೊಡಿ, ಅದಕ್ಕೆ ಅಡ್ಡಿಯಿಲ್ಲ. ಇಲ್ಲವೇ ತಮ್ಮನೇ ಹೋಗಿ ತನ್ನ ಹೆಸರಲ್ಲಿ ಕೊಳ್ಳಲಿ. ಹುಡುಗಿಗೆ 18 ಆಗುವ ತನಕ ರೈಫಲ್ ಅಪ್ಪನ ಹೆಸರಲ್ಲಿ, ಅಪ್ಪನ ಬೀರುವಿನಲ್ಲಿ ಇರುವುದೇ ವಾಸಿ. 17 ತುಂಬದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಎಟುಕುವಂತೆ ಬಿಡುವುದು ಟೆಕ್ಸಾಸಿನಲ್ಲಿ ಅಪರಾಧ. ದೊಡ್ಡವರ ಕಣ್ಣಳತೆಯಲ್ಲಿ ಬೇಟೆಯಾಡುವುದಕ್ಕೆ ವಿನಾಯಿತಿ ಇದೆ, ಮನೆಯ ಮೂಲೆಯಲ್ಲಿ ಒರಗಿಸಿಡುವುದಕ್ಕಿಲ್ಲ.

ಇಲ್ಲಿ ಓದುತ್ತಿರುವ ಎಚ್-1ಬಿ, ಎಫ್-1 ಮಂದಿಗೆ: ನಾನ್‌ಇಮಿಗ್ರೆಂಟ್ ವೀಸಾದಲ್ಲಿದ್ದರೆ ಬಂದೂಕು, ತೋಟೆ ಇಟ್ಟುಕೊಳ್ಳುವುದೇ ಫೆಡರಲ್ ನಿಷೇಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಲೈಸೆನ್ಸಿನ ಅವಧಿ ಮುಗಿದ ದಿನ ಅದೂ ಮುಗಿಯಿತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಡೆಂಟನ್_ದೊಡ್ಡಪ್ಪ
ಒಳ್ಳೇದಾಯಿತು ಕೇಳಿದ್ದು. ತಮ್ಮನೇ ಕೊಳ್ಳುತ್ತಾನೆ.

ಡಯಲ್_ಗೇಜ್
ಕ್ಯಾಲಿಬರ್ ಮಾತು ಬಂದ್ರ ಎಲ್ಲಾರೂ ಜಗಳಾಕ್ಕ ನಿಲ್ತಾರ. ಲೆಕ್ಕಾ ನೋಡ್ರಿ. ಸ್ಕೋಪ್ ಸಮೇತ ರೈಫಲ್ 8 ಪೌಂಡ್ ಅಂತ ಹಿಡಿದ್ರ, ಸಾಮಾನ್ಯ ಕಾರ್ಖಾನೆ ತೋಟೆಗೆ ಒದೆ (ಗುಂಡು ಹಾರಿದಾಗ ಭುಜಕ್ಕ ಬೀಳೋ ಪೆಟ್ಟು) ಹಿಂಗ ಬರ್ತದ: .243 ವಿಂಚೆಸ್ಟರ್ (ಗುಂಡಿನ ತೂಕ 100 ಗ್ರೇನ್) ಸುಮಾರು 10 ಫೂಟ್-ಪೌಂಡ್, 6.5 ಕ್ರೀಡ್‌ಮೂರ್ (140) 13, 7ಎಂಎಂ-08 (140) 14, .308 (150) 16, .30-06 (180) 22. ತೂಕ ಇಳಿಸಿದ್ರ ಒದೆ ಏರ್ತದ. ಅದೇ 7ಎಂಎಂ-08 ತೋಟೇನ 7 ಪೌಂಡ್ ರೈಫಲ್‌ದಾಗ ಹಾಕ್ರಿ, 16 ಮುಟ್ತದ. ‘ಹುಡುಗಿಗೆ ಹಗುರ ಇರಲಿ’ ಅಂತ ಸಪೂರ ಸ್ಟಾಕು ಹಾಕಿ .308 ಕೊಡೋರು ಇದನ್ನ ಮರೀತಾರ.

ಜಿಂಕೆ ಒಂದಕ್ಕ ಆದ್ರ .243 ಸಾಕು. ಮುಂದ ಕೊಲೊರಾಡೊಕ್ಕ ಎಲ್ಕ್ (ದೊಡ್ಡ ಜಾತಿ ಜಿಂಕೆ) ಅಂತ ಹೋಗೋ ವಿಚಾರ ಇದ್ರ ಅಲ್ಲಿ ಕನಿಷ್ಠ .24 ಕ್ಯಾಲಿಬರ್, ಎಲ್ಕಿಗೆ ಗುಂಡು 85 ಗ್ರೇನ್‌ಕ್ಕಿಂತ ಕಡಿಮಿ ಇರಬಾರದು, 100 ಗಜದಾಗ 1000 ಫೂಟ್-ಪೌಂಡ್ ಉಳಿದಿರಬೇಕು. ಕಾಯ್ದೆ ಪ್ರಕಾರ .243 ನಡೀತದ, ಆದ್ರ ಎಲ್ಕಿನ ಭುಜದ ಮ್ಯಾಲೆ ಅದು ಅಂಚಿನ ಮಾತು. ನನ್ನ ಓಟು 7ಎಂಎಂ-08ಕ್ಕ. ಮೊದಲ ವರ್ಷ ಕಡಿಮಿ ಒದೀ ತೋಟೆ, ಆಮ್ಯಾಲೆ ಪೂರ್ತಿ ತೋಟೆ. ರೈಫಲ್ ಬದಲಿ ಮಾಡೋ ಕೆಲಸ ಇಲ್ಲ.

ಬೀಟೆಮರ
ಡಯಲ್ ಅಣ್ಣ ಹೇಳಿದ್ದು ಭೌತಶಾಸ್ತ್ರ. ಭುಜಕ್ಕೆ ತಗಲೋದು ಅಷ್ಟೇ ಅಲ್ಲ. 10 ಫೂಟ್-ಪೌಂಡ್ ಒದೆ ಕೂಡ ಉದ್ದ ಸ್ಟಾಕಿನ ಮೂಲೆಯಿಂದ ತೋಳಿನ ಮೂಳೆಗೆ ಬಿದ್ದರೆ ಕಪ್ಪುಗಟ್ಟತ್ತೆ. 14 ಫೂಟ್-ಪೌಂಡ್ ಅಗಲವಾದ ರಬ್ಬರ್ ಪ್ಯಾಡಿಂದ ಭುಜದ ಗುಳಿಗೆ ನೇರ ಬಿದ್ದರೆ ತಳ್ಳಿದ ಹಾಗಿರತ್ತೆ. ಹಾಗಾಗಿ ಶ್ರಮ ಎಲ್ಲಾ ಮರದ ಮೇಲೆ ಹಾಕಿ.

ಅಳತೆ ತೆಗೆಯೋದು ಹೇಗೆ: ಮೊಣಕೈ 90 ಡಿಗ್ರಿ ಮಡಚಿಸಿ, ಮಡಚಿದ ಒಳಭಾಗದಿಂದ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ತನಕ ಅಳೆಯಿರಿ. ದೊಡ್ಡವರ ರೈಫಲ್‌ನಲ್ಲಿ ಟ್ರಿಗರ್ ಮುಖದಿಂದ ಪ್ಯಾಡಿನ ನಡುವಿಗೆ 13.5 ಇಂಚು ಆಸುಪಾಸು ಇರತ್ತೆ. 5 ಅಡಿ 1 ಇಂಚಿನ ಹುಡುಗಿಗೆ 12.5 ಹತ್ತಿರ ಬರಬೇಕು. ನವೆಂಬರಿನ ಬೆಳಗಿನ ಜಾವಕ್ಕೆ ಹಾಕೋ ದಪ್ಪ ಜಾಕೆಟ್ ತೊಡಿಸಿಯೇ ಭುಜಕ್ಕೆ ಏರಿಸಿ ನೋಡಿ. ಸರಿ ಇದ್ದರೆ ಹೆಬ್ಬೆರಳಿನ ಗೆಣ್ಣಿಗೂ ಮೂಗಿನ ತುದಿಗೂ ಮಧ್ಯೆ ಎರಡು ಬೆರಳು ಜಾಗ ಉಳಿಯತ್ತೆ. ಉಳಿಯದಿದ್ದರೆ ಗುಂಡು ಹಾರಿದಾಗ ಮೂಗಿಗೇ ಹೆಬ್ಬೆರಳು.

ಇನ್ನು ಕತ್ತರಿಸೋದು. ಹತ್ತರಲ್ಲಿ ಎಂಟು ಜನ ತಪ್ಪೋದು ಇಲ್ಲೇ: ಪ್ಯಾಡಿನ ದಪ್ಪ ಕಳೆಯೋದನ್ನ ಮರೀತಾರೆ. 12.5 ಬೇಕು, ಪ್ಯಾಡ್ 1 ಇಂಚು ದಪ್ಪ ಅಂದರೆ ಮರ ಉಳಿಯಬೇಕಾದ್ದು 11.5. ಗೆರೆ ಹಳೇ ತುದಿಗೆ ಸಮಾನಾಂತರವಾಗಿರಲಿ. ಓರೆಯಾದರೆ ಪ್ಯಾಡಿನ ಮೇಲ್ತುದಿ ಅಥವಾ ಕೆಳತುದಿ ಮಾತ್ರ ಭುಜಕ್ಕೆ ಕೂರತ್ತೆ. ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ, ಗೆರೆಯನ್ನ ಚೂರಿಯಿಂದ ಗೀರಿ, ಸಣ್ಣ ಹಲ್ಲಿನ ಗರಗಸದಲ್ಲಿ ಗೆರೆಗಿಂತ ಕೂದಲೆಳೆ ಹೊರಗೆ ಕೊಯ್ಯಿರಿ. ಉಳಿದದ್ದನ್ನ ಸಪಾಟಾದ ಗಾಜಿನ ಮೇಲೆ 80 ನಂಬರ್ ಉಪ್ಪುಕಾಗದ ಹಾಸಿ ಉಜ್ಜಿ. ಲ್ಯಾಮಿನೇಟ್ ಪದರ ಪದರ ಅಂಟಿಸಿದ್ದು, ಟೇಪ್ ಇಲ್ಲದೆ ಕೊಯ್ದರೆ ಅಂಚು ಚೂರು ಚೂರಾಗಿ ಹಾರತ್ತೆ.

ಕೊಯ್ದ ತುಂಡು ಬಿಸಾಡಬೇಡಿ. ಅದನ್ನ ಅರ್ಧರ್ಧ ಇಂಚಿನ ಬಿಲ್ಲೆ ಮಾಡಿಟ್ಟರೆ ಹುಡುಗಿ ಬೆಳೆದ ಹಾಗೆ ಪ್ಯಾಡಿನ ಹಿಂದೆ ಸೇರಿಸಬಹುದು. ಬಣ್ಣದ ಪಟ್ಟಿಯೂ ಹೊಂದತ್ತೆ.

ಪ್ಯಾಡಿನ ಹಳೇ ಸ್ಕ್ರೂ ತೂತು ಹೊಸ ಜಾಗಕ್ಕೆ ಹೊಂದಲ್ಲ. ಮರದ ಗೂಟ ಹಾಕಿ ಎಪಾಕ್ಸಿಯಲ್ಲಿ ಮುಚ್ಚಿ ಹೊಸದು ಕೊರೆಯಿರಿ. ರಬ್ಬರಿನ ಸೀಳಿನೊಳಗೆ ಸ್ಕ್ರೂಡ್ರೈವರ್ ತೂರಿಸುವಾಗ ಅದರ ಕಡ್ಡಿಗೆ ಸೋಪು ಸವರಿಕೊಳ್ಳಿ, ಇಲ್ಲದಿದ್ದರೆ ಸೀಳು ಹರಿದು ಹುಣ್ಣಿನ ಹಾಗೆ ಬಾಯಿಬಿಡತ್ತೆ.

ಕೋವಿಹಬ್ಬ
ನಡುವೆ ಒಂದು ಮಾತು. ಊರಿಂದ ಓದುವವರು ಇದನ್ನು ನೋಡಿ ಮನೆಯ ಕೋವಿಗೆ ಗರಗಸ ಹಿಡಿಯಬೇಡಿ. ನಮ್ಮಲ್ಲಿ ಬಂದೂಕು ತಯಾರಿಗೆ ಮಾತ್ರವಲ್ಲ, ರಿಪೇರಿಗೂ 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕು. ಕೊಡಗಿನ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಒಯ್ಯಲು. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದಾರೆ. ಮನೆಯಲ್ಲಿ ಕೋವಿ ಬಿಚ್ಚಿ ಮಾರ್ಪಡಿಸಲು ಅದು ರಹದಾರಿ ಅಲ್ಲ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯಿಂದ ನಿಂತಿದೆ. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ, ತೆಂಗಿನಕಾಯಿಗೆ ಗುರಿ. ಅಷ್ಟಕ್ಕೆ ಅಜ್ಜನ ಸ್ಟಾಕು ಹೇಗಿದೆಯೋ ಹಾಗೇ ಸಾಕು.

ಡೆಂಟನ್_ದೊಡ್ಡಪ್ಪ
ಬೆಡ್ಡಿಂಗ್ ಬಗ್ಗೆ? ಲ್ಯಾಮಿನೇಟ್ ಸೊಟ್ಟಗಾಗುವುದಿಲ್ಲ, ಬೇಕಿಲ್ಲ ಅಂತ ಕೆಲವರು.

ಡಯಲ್_ಗೇಜ್
ಸೊಟ್ಟ ಆಗೂದಿಲ್ಲ ಅನ್ನೋದು ಖರೆ. ಆದ್ರ ಕೆತ್ತಿದ ಗುಣಿ ನಿಮ್ಮ ಆ್ಯಕ್ಷನ್ನಿಗೇ ಕೆತ್ತಿದ್ದಲ್ಲ. ಹೋವಾದ ತಳ ಸಪಾಟ, ರಿಕಾಯ್ಲ್ ಲಗ್ (ಒದೀ ತಡಿಯೋ ಗೂಟ) ಆ್ಯಕ್ಷನ್ ಜೋಡಿ ಒಂದೇ ತುಂಡು. ಅದಕ್ಕ ಇದು ರೆಮಿಂಗ್ಟನ್ 700ರ ದುಂಡು ತಳಕ್ಕಿಂತ ಸರಳ ಕೂಡ್ತದ. ಬೇಕೋ ಬ್ಯಾಡೋ ಅನ್ನೋದು ಪರೀಕ್ಷಾ ಮಾಡಿ ನೋಡ್ರಿ: ಎರಡೂ ಸ್ಕ್ರೂ ಬಿಗಿ ಮಾಡಿ, ರೈಫಲ್ ನೆಟ್ಟಗ ನಿಲ್ಲಿಸಿ, ನಳಿಗಿ ಮತ್ತು ಮುಂಗೈ ಮರ ಕೂಡೋ ಕಡೆ ಬೆರಳು ಇಟ್ಟುಕೊಂಡು ಮುಂದಿನ ಸ್ಕ್ರೂ ನಿಧಾನಕ್ಕ ಸಡಿಲ ಮಾಡ್ರಿ. ನಳಿಗಿ ಎದ್ದಂಗ ಬೆರಳಿಗೆ ಗೊತ್ತಾದ್ರ ಆ್ಯಕ್ಷನ್ನು ಬಾಗಿ ಕೂತದ ಅಂತ ಅರ್ಥ. ಡಯಲ್ ಇಂಡಿಕೇಟರ್ ಇದ್ರ 0.002–0.003 ಇಂಚು ಮೀರಬಾರದು. ಮೀರಿದ್ರ ಬೆಡ್ಡಿಂಗ್ ಮಾಡ್ರಿ, ಇಲ್ಲಂದ್ರ ಬಿಡ್ರಿ.

ಮಾಡೋದಾದ್ರ 1:1 ಬೆರಸೋ ಜೆಲ್ ಎಪಾಕ್ಸಿ ತಗೋರಿ, ಹೊಸಬರಿಗೆ ಅದು ಕ್ಷಮಿಸ್ತದ; ಹರಿಯೂದಿಲ್ಲ. ಲಗ್ಗಿನ ಗುಣಿ, ಮುಂದಿನ ಸ್ಕ್ರೂ ಸುತ್ತ, ಹಿಂದಿನ ಬಾಲದ ತಳ, ಇಷ್ಟು ಕಡೆ 2 ಮಿ.ಮೀ. ಮರ ತಗೀರಿ. ತೆಳು ಹಚ್ಚಿದ್ರ ಎಪಾಕ್ಸಿ ಹಪ್ಪಳದಂಗ ಒಡೀತದ. ಲಗ್ಗಿನ ಮುಂದಿನ ಮುಖ, ಎರಡೂ ಬಾಜು, ತಳಕ್ಕ ಒಂದು ಪದರ ದಪ್ಪ ಟೇಪ್ ಹಚ್ಚ್ರಿ. ಹಿಂದಿನ ಮುಖಕ್ಕ ಹಚ್ಚಬ್ಯಾಡ್ರಿ, ಒದೀ ತಡಿಯೋದು ಅದೇ ಮುಖ. ಟ್ರಿಗರ್ ಬಿಚ್ಚಿ ತಗದು, ಉಳಿದ ಪ್ರತಿ ತೂತು, ಸಂದಿ ಜೇಡಿಮಣ್ಣಿನಂಥ ಮಾಡೆಲಿಂಗ್ ಕ್ಲೇ ತುಂಬಿ ಮುಚ್ಚ್ರಿ. ಎಪಾಕ್ಸಿ ಒಂದು ಸಂದ್ಯಾಗ ಹೊಕ್ಕು ಕೊಕ್ಕಿ ಹಾಕಿತು ಅಂದ್ರ ಆ್ಯಕ್ಷನ್ನು, ಮರ ಎರಡೂ ಒಂದೇ ವಸ್ತು ಆಗ್ತಾವ.

ರಿಲೀಸ್ ಏಜೆಂಟ್ (ಎಪಾಕ್ಸಿ ಉಕ್ಕಿಗೆ ಅಂಟದಂಗ ಹಚ್ಚೋದು) ಎರಡು ಕೈ, ಸ್ಕ್ರೂಗಳಿಗೂ ಹಚ್ಚ್ರಿ. ನಳಿಗೀ ಮುಂದಿನ ಕಡೆ ಟೇಪ್ ಸುತ್ತಿದ್ರ ಅದು ಕಾಲುವಿ ನಡುವಿಗೇ ಕೂಡ್ತದ. ಸ್ಕ್ರೂ ಬಿಗಿ ಮಾಡಬ್ಯಾಡ್ರಿ, ಬರೀ ಮುಟ್ಟಿಸ್ರಿ; ಬಿಗಿ ಮಾಡಿದ್ರ ಬಾಗಿದ ಆಕಾರಾನೇ ಅಚ್ಚು ಆಗಿ ಕೂಡ್ತದ, ಮಾಡಿದ ಕೆಲಸ ಎಲ್ಲಾ ನೀರಾಗ ಹೋಮ. ಹೊರಗ ಉಕ್ಕಿದ್ದನ್ನ ಬಿಳಿ ವಿನೆಗರ್ ಹಚ್ಚಿದ ಹತ್ತಿ ಕಡ್ಡೀಲೆ ವರಸ್ರಿ. 24 ತಾಸು ಬಿಡ್ರಿ.

ಬಿಡದಂಗ ಹಿಡಕೊಂಡ್ರ ಸುತ್ತಿಗಿ ಹುಡುಕಬ್ಯಾಡ್ರಿ. ಡೀಪ್ ಫ್ರೀಜರ್‌ದಾಗ ಎರಡು ಮೂರು ತಾಸು ಇಟ್ಟು, ನಳಿಗಿ ಹಿಡಕೊಂಡು ನೆಟ್ಟಗ ಮ್ಯಾಲಕ್ಕ ಎಳೀರಿ. ಉಕ್ಕು ಕುಗ್ಗಿ ಬಿಡ್ತದ.

ಬೀಟೆಮರ
ಮ್ಯಾಗಝೀನ್ ಪೆಟ್ಟಿಗೆ ಮರೆತಿರಿ ಅಣ್ಣ. ಸ್ಕ್ರೂ ಬಿಗಿದ ಮೇಲೂ ಅದು ಮೇಲೆ ಕೆಳಗೆ ಚೂರು ಅಲ್ಲಾಡಬೇಕು. ಅಲ್ಲಾಡಲ್ಲ ಅಂದರೆ ಆ್ಯಕ್ಷನ್ನು ಕೂತಿರೋದು ಬೆಡ್ಡಿಂಗ್ ಮೇಲಲ್ಲ, ತಗಡಿನ ಪೆಟ್ಟಿಗೆ ಮೇಲೆ. ಟಾರ್ಕ್ ರೆಂಚ್ ಸರಿಯಾದ ಅಂಕಿ ತೋರಿಸತ್ತೆ, ಗುಂಡು ಮಾತ್ರ ತಟ್ಟೆಯಗಲ ಚದುರತ್ತೆ.

ಟಾರ್ಕ್: ಬರೀ ಮರಕ್ಕೆ 30–35 ಇಂಚು-ಪೌಂಡ್. ಸ್ಕ್ರೂ ತೂತಿಗೆ ಅಲ್ಯೂಮಿನಿಯಂ ಪಿಲ್ಲರ್ (ಕೊಳವೆ) ಹಾಕಿದ್ದರೆ 45ರ ತನಕ ಏರಿಸಬಹುದು. ಸ್ಟಾಕಿನವರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. 65 ಅಂತ ಎಲ್ಲೋ ಓದಿರ್ತೀರಿ. ಅದು ಚಾಸಿಗೆ, ಅಂದರೆ ಲೋಹದ ಸ್ಟಾಕಿಗೆ. ಪಿಲ್ಲರ್ ಇಲ್ಲದ ಮರಕ್ಕೆ ಹಾಕಿದರೆ ನಾರು ನುಜ್ಜಾಗಿ ವಾರಕ್ಕೊಮ್ಮೆ ಸಡಿಲ ಆಗತ್ತೆ.

ನಳಿಗೆ ಕಾಲುವೆ: ಮುಂದಿನಿಂದ ಆ್ಯಕ್ಷನ್ ತನಕ ಎರಡು ವಿಸಿಟಿಂಗ್ ಕಾರ್ಡ್ ಒಟ್ಟಿಗೆ ತಡೆಯಿಲ್ಲದೆ ಜಾರಬೇಕು. ಸಿಕ್ಕಿಕೊಂಡ ಕಡೆ ಪೆನ್ಸಿಲ್ ಗುರುತು ಹಾಕಿ, ದುಂಡು ಕೋಲಿಗೆ ಉಪ್ಪುಕಾಗದ ಸುತ್ತಿ ಉಜ್ಜಿ. ರೈಫಲನ್ನ ಬೈಪಾಡ್ ಮೇಲೆ ಭಾರ ಹಾಕಿ ಒತ್ತಿದಾಗಲೂ ಕಾರ್ಡ್ ಜಾರಬೇಕು, ಬರೀ ಮೇಜಿನ ಮೇಲೆ ಮಲಗಿಸಿ ನೋಡಿದರೆ ಸಾಲದು.

ಹೊಸಕೋವಿ
ಫಿನಿಶ್‌ಗೆ ಪಾಲಿಯುರೆಥೇನ್ ಸ್ಪ್ರೇ ಹೊಡೆದರೆ ಆಗಲ್ವಾ? ಎಣ್ಣೆ ಹತ್ತು ಸಲ ಯಾರು ಹಚ್ತಾರೆ.

ಬೀಟೆಮರ
ಆಗತ್ತೆ. ಗೀರು ಬಿದ್ದರೆ ಬಿಳಿ ಗೆರೆ ಕಾಣತ್ತೆ, ಪೂರ್ತಿ ಕೆರೆದು ಮತ್ತೆ ಹೊಡೀಬೇಕು. ಎಣ್ಣೆಯಾದರೆ ಗೀರಿದ ಜಾಗಕ್ಕೆ ಎರಡು ಹನಿ ಸಾಕು. ಜಿಂಕೆ ಸ್ಟ್ಯಾಂಡಿನ ಕಬ್ಬಿಣದ ಏಣಿಗೆ ತಾಗದ ಸ್ಟಾಕು ಇನ್ನೂ ಹುಟ್ಟಿಲ್ಲ.

ಎಣ್ಣೆ ಹಚ್ಚೋದಾದರೆ: 120, 180, 220, 320 ಕ್ರಮದಲ್ಲಿ, ಎಳೆಯ ಗುಂಟ ಮಾತ್ರ ಉಜ್ಜಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಹೇರ್ ಡ್ರೈಯರ್ ಹಿಡಿದರೆ ನಾರಿನ ಕೂದಲು ಎದ್ದು ನಿಲ್ಲತ್ತೆ, ಅದನ್ನ ಮತ್ತೆ 320ರಲ್ಲಿ ಬೋಳಿಸಿ. ಎರಡು ಸಲ ಮಾಡಿ. ಇದನ್ನ ಬಿಟ್ಟರೆ ಮೊದಲ ಮಳೆಗೆ ಸ್ಟಾಕು ಹಲಸಿನಕಾಯಿ ಮುಟ್ಟಿದ ಹಾಗಾಗತ್ತೆ. ಟ್ರು-ಆಯಿಲ್ ಥರದ ಅಗಸೆ ಎಣ್ಣೆಯ ಫಿನಿಶನ್ನ ಬೆರಳ ತುದಿಯಲ್ಲಿ ತೆಗೆದುಕೊಂಡು, ಅಂಟು ಅಂಟಾಗಿ ಎಳೆಯೋ ತನಕ ಅಂಗೈಯಲ್ಲಿ ತಿಕ್ಕಿ. ದಿನಕ್ಕೊಂದು ಕೈ, ಎರಡು ಕೈ ನಡುವೆ 0000 ಉಕ್ಕಿನ ನಾರು. ಆರು ಕೈಗೆ ನಿಲ್ಲಿಸಿದರೂ ಅಡ್ಡಿಯಿಲ್ಲ.

ಕಣ್ಣಿಗೆ ಕಾಣದ ಜಾಗಕ್ಕೆ ಹಚ್ಚೋದೇ ಹೆಚ್ಚು ಮುಖ್ಯ. ಪ್ಯಾಡಿನ ಹಿಂದಿನ ಕೊಯ್ದ ತುದಿ, ನಳಿಗೆ ಕಾಲುವೆ, ಸ್ಕ್ರೂ ತೂತಿನ ಒಳಗೋಡೆ. ತೇವ ನುಗ್ಗೋದು ಕೊಯ್ದ ತುದಿಯಿಂದ. ಒಂದೇ ಹಲಗೆಯ ವಾಲ್ನಟ್ ಆದರೆ ಅದು ಬಾಗಿ ನಳಿಗೆಗೆ ತಾಗತ್ತೆ, ಅಕ್ಟೋಬರಿನಲ್ಲಿ ಕೂರಿಸಿದ ಗುರಿ ಡಿಸೆಂಬರಿನಲ್ಲಿ ಇರಲ್ಲ.

ಎಣ್ಣೆ ಹಚ್ಚಿದ ಬಟ್ಟೆ ಮುದ್ದೆ ಮಾಡಿ ಕಸದ ಡಬ್ಬಕ್ಕೆ ಹಾಕಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗತ್ತೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ತಾನೇ ಹೊತ್ತಿಕೊಳ್ಳತ್ತೆ. ನೀರಲ್ಲಿ ಮುಳುಗಿಸಿ, ಇಲ್ಲವೇ ಹೊರಗೆ ತಂತಿ ಮೇಲೆ ಬಿಡಿಸಿ ಒಣಗಿಸಿ. ಗ್ಯಾರೇಜು ಸುಟ್ಟ ಮೇಲೆ ರೈಫಲ್ ಕಟ್ಟಿ ಏನು ಪ್ರಯೋಜನ.

ಹೊಸಕೋವಿ
ಟ್ರಿಗರ್ ಸ್ಪ್ರಿಂಗ್ ಬದಲಿಸಿ 1.5 ಪೌಂಡಿಗೆ ಇಳಿಸಬಹುದಲ್ವಾ? ಇನ್ನೊಂದು, ಬೇರೆ ಬೋಲ್ಟ್ ಅಗ್ಗಕ್ಕೆ ಸಿಗತ್ತೆ.

ಡಯಲ್_ಗೇಜ್
ಎರಡೂ ಬ್ಯಾಡ. ಚಳಿಗೆ ಮರಗಟ್ಟಿದ ಬೆರಳು, ಮ್ಯಾಲೆ ಕೈಗವಸು, ಎದೀ ಡವಡವ. ಆ ಕೈಗೆ 1.5 ಪೌಂಡ್ ಕೊಡೋದು ಅಂದ್ರ ಬೇಕಂದಾಗ ಅಲ್ಲ, ತಾಗಿದಾಗ ಹಾರೂದು. 3 ಪೌಂಡಿನ ಕೆಳಗ ಇಳಿಸಬ್ಯಾಡ್ರಿ, ಇಳಿಸೂದಿದ್ರ ಗನ್‌ಸ್ಮಿತ್ ಕೈಲೆ ಮಾಡಿಸ್ರಿ. ಬೋಲ್ಟ್ ಅಂತೂ ಆ ನಳಿಗಿಗೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಂದ ತೋಟೆ ಕೂಡೋ ಜಾಗದ ಅಳತಿ) ಹೊಂದಿಸಿದ್ದು. ಬದಲಿ ಮಾಡಿದ್ರ ಗೋ, ನೋ-ಗೋ ಗೇಜ್ ಹಾಕಿ ನೋಡದ ಒಂದು ಗುಂಡೂ ಹಾರಿಸಬಾರದು. ಹೆಡ್‌ಸ್ಪೇಸ್ ಹೆಚ್ಚಾದ್ರ ತೋಟೆ ಕೇಸು ನಡುವ ಹರದು ಬಿಸಿ ಗಾಳಿ ಮುಖಕ್ಕ ಬರ್ತದ. ನಳಿಗಿ ಸಮೇತ ಆ್ಯಕ್ಷನ್ ತಗೋರಿ ಅಂತ ಹೇಳೋದೇ ಇದಕ್ಕ.

ಕೂಡಿಸಿ ಮುಗಿದ ಮ್ಯಾಲೆ ಖಾಲಿ ಚೇಂಬರ್‌ದಾಗ ಪರೀಕ್ಷಾ: ಬೋಲ್ಟ್ ಹತ್ತು ಸಲ ಜೋರಾಗಿ ಬಡದು ಮುಚ್ಚ್ರಿ, ಫೈರಿಂಗ್ ಪಿನ್ (ತೋಟೆಗೆ ಹೊಡಿಯೋ ಮೊಳೆ) ಬೀಳಬಾರದು. ಸೇಫ್ಟಿ ಹಾಕಿ ಟ್ರಿಗರ್ ಎಳೀರಿ, ಬಿಡ್ರಿ, ಸೇಫ್ಟಿ ತಗೀರಿ, ಆಗಲೂ ಬೀಳಬಾರದು. ಪ್ಯಾಡಿನ ಕಡೆ ರಬ್ಬರ್ ಸುತ್ತಿಗೀಲೆ ನಾಕು ಪೆಟ್ಟು. ಒಂದು ಸಲ ಬಿದ್ರೂ ರೈಫಲ್ ಗನ್‌ಸ್ಮಿತ್ ಕಡೆ ಹೋಗ್ಲಿ. ಎಷ್ಟೋ ಸಲ ಹೊಸಾ ಮರ ಟ್ರಿಗರಿಗೋ ಸೇಫ್ಟಿಗೋ ತಾಗಿರ್ತದ.

ಫಾರಂ_4473
ಸ್ಕೋಪ್ ಬಗ್ಗೆ ಎರಡು ಮಾತು. ಸ್ಟಾಕು ಗಿಡ್ಡ ಮಾಡಿದ ಮೇಲೆ ಕಣ್ಣು ಮುಂದೆ ಬರುತ್ತದೆ, ಸ್ಕೋಪನ್ನೂ ಮುಂದೆ ಸರಿಸಬೇಕು. 9× ನಲ್ಲಿಟ್ಟು, ಜಾಕೆಟ್ ಹಾಕಿಸಿ, ಕಣ್ಣು ಮುಚ್ಚಿಸಿ ರೈಫಲ್ ಭುಜಕ್ಕೇರಿಸಿ. ಕಣ್ಣು ಬಿಟ್ಟಾಗ ಅಂಚಿನಲ್ಲಿ ಕಪ್ಪು ನೆರಳು ಇರಬಾರದು. ಕಣ್ಣಿಗೂ ಗಾಜಿಗೂ ಮೂರೂವರೆ ಇಂಚು ಇರಲೇಬೇಕು, ಇಲ್ಲದಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರ ಮೂಡುತ್ತದೆ. ಸ್ಕೋಪ್ ಕೂರುವ ಬೇಸಿನ ಸ್ಕ್ರೂಗಳಿಗೆ ನೀಲಿ ಲಾಕ್‌ಟೈಟ್ ಒಂದು ಹನಿ, ರಿಂಗ್ ಸ್ಕ್ರೂಗಳಿಗೆ ಬೇಡ, 15–18 ಇಂಚು-ಪೌಂಡ್ ಸಾಕು.

ಗುರಿ ಕೂರಿಸುವುದು 25 ಗಜದಿಂದ ಶುರುವಾಗಲಿ. ಬೋಲ್ಟ್ ತೆಗೆದು ನಳಿಗೆಯೊಳಗಿಂದ ಗುರಿ ನೋಡಿ, ರೈಫಲ್ ಅಲ್ಲಾಡಿಸದೆ ಸ್ಕೋಪಿನ ಗೆರೆಯನ್ನು ಅಲ್ಲಿಗೇ ತನ್ನಿ. ಕಾಲು ಎಂಒಎ (ಕೋನದ ಅಳತೆ) ಸ್ಕೋಪಿನಲ್ಲಿ 100 ಗಜಕ್ಕೆ 4 ಕ್ಲಿಕ್ ಒಂದು ಇಂಚು. 25 ಗಜಕ್ಕೆ ಅದೇ ಒಂದು ಇಂಚಿಗೆ 16 ಕ್ಲಿಕ್. ಇದು ಗೊತ್ತಿಲ್ಲದೆ ಒಂದು ಡಬ್ಬಿ ತೋಟೆ ಸುಡುವವರಿದ್ದಾರೆ. ಈ ಕೆಲಸ ದೊಡ್ಡವರೇ ಮಾಡಿ. ಹುಡುಗಿ ಹಾರಿಸುವುದು ದಿನಕ್ಕೆ ಹತ್ತೇ ಗುಂಡು, ಕಿವಿಗೆ ಪ್ಲಗ್ಗೂ ಹಾಕಿ ಮೇಲೆ ಮಫ್ಫೂ ಹಾಕಿ. ಬೆದರಿಸುವುದು ಒದೆಗಿಂತ ಸದ್ದು. ಮಝಲ್ ಬ್ರೇಕ್ (ನಳಿಗೆ ತುದಿಗೆ ಹಾಕುವ ತೂತುಗಳ ಕೊಳವೆ) ಒದೆ ತಗ್ಗಿಸಿ ಸದ್ದು ಏರಿಸುತ್ತದೆ; ಬೇಟೆಯ ರೈಫಲ್‌ಗೆ ಅದು ಲಾಭದ ವ್ಯಾಪಾರವಲ್ಲ. ಮ್ಯಾಗಝೀನಿನಲ್ಲಿ ಅವಳಿಗೆ ಗೊತ್ತಾಗದಂತೆ ಒಂದು ಡಮ್ಮಿ ತೋಟೆ ಸೇರಿಸಿ. ಅದು ಬಂದಾಗ ನಳಿಗೆ ತುದಿ ಕೆಳಗೆ ಜಗ್ಗಿದರೆ ಅಂದಿನ ಅಭ್ಯಾಸ ಅಲ್ಲಿಗೆ ನಿಲ್ಲಿಸಿ.

ಡೆಂಟನ್_ದೊಡ್ಡಪ್ಪ
ತಮ್ಮ 7ಎಂಎಂ-08 ತಂದ. ಸ್ಟಾಕು 11.5ಕ್ಕೆ ಕೊಯ್ದು, ಬೆಡ್ಡಿಂಗ್ ಆಗಿ, ಸ್ಕೋಪ್ ಕೂರಿಸಿಯಾಯಿತು. ಸ್ಕ್ರೂ ಸಡಿಲಿಸಿದಾಗ ಇಂಡಿಕೇಟರ್ 0.001 ತೋರಿಸಿತು. ಒಂದೇ ತೊಂದರೆ: ಬೋಲ್ಟ್ ಹಿಡಿ ಕೆಳಗೆ ಇಳಿಸುವಾಗ ಕೊನೆಯಲ್ಲಿ ಉಜ್ಜಿದ ಹಾಗೆ ಬಿಗಿಯಾಗುತ್ತದೆ. ಮೊದಲು ಹೀಗಿರಲಿಲ್ಲ.

ಡಯಲ್_ಗೇಜ್
ಸ್ಕ್ರೂ ಉದ್ದ ಆಗ್ಯಾದ. ಬೋಲ್ಟಿನ ಲಗ್ಗುಗಳು ಮುಂದಿನ ಕಡೆ ತಿರುಗಿ ಕೂಡೋ ಜಾಗಕ್ಕ ತಲಿ ಹಾಕೋವು ಎರಡೇ: ಸ್ಕೋಪ್ ಬೇಸಿನ ಮುಂದಿನ ಸ್ಕ್ರೂ ಮ್ಯಾಲಿಂದ, ಆ್ಯಕ್ಷನ್ನಿನ ಮುಂದಿನ ಸ್ಕ್ರೂ ಕೆಳಗಿಂದ. ಮೊದಲ ಬೇಸಿಂದು ತಗದು ಬೋಲ್ಟ್ ಮುಚ್ಚಿ ನೋಡ್ರಿ. ಹಗುರ ಆದ್ರ ಅದೇ ಕಳ್ಳ. ಆಗದಿದ್ರ ಅದನ್ನ ಹಾಕಿ ಕೆಳಗಿಂದು ಒಂದೂವರೆ ಸುತ್ತು ಸಡಿಲ ಮಾಡಿ ನೋಡ್ರಿ. ಲಗ್ಗಿನ ಮ್ಯಾಲೆ ಹೊಳಿಯೋ ಸಣ್ಣ ಚುಕ್ಕಿ ಬಿದ್ದಿರ್ತದ, ಬ್ಯಾಟರಿ ಹಿಡದ್ರ ಕಾಣ್ತದ.

ಡೆಂಟನ್_ದೊಡ್ಡಪ್ಪ
ಬೇಸಿನದ್ದೇ. ಚುಕ್ಕಿಯೂ ಕಾಣುತ್ತಿದೆ. ಸ್ಕ್ರೂ ತುದಿ ಎಷ್ಟು ಉಜ್ಜಲಿ?

ಡಯಲ್_ಗೇಜ್
ಒಂದು ಎಳಿ, ಅಂದ್ರ ಸ್ಕ್ರೂ ಸುರುಳಿಯ ಒಂದು ಸುತ್ತು. ಉಜ್ಜೂಕಿಂತ ಮೊದಲ ಒಂದು ನಟ್ ಏರಿಸಿಟ್ಟುಕೊಳ್ರಿ, ಉಜ್ಜಿದ ಮ್ಯಾಲೆ ನಟ್ ಬಿಚ್ಚಿದ್ರ ಕೆಟ್ಟ ಎಳಿ ತಾನೇ ಸರಿ ಆಗ್ತದ. ಎಣ್ಣಿ ವರಸಿ, ಲಾಕ್‌ಟೈಟ್ ಹೊಸದಾಗಿ ಹಚ್ಚಿ ಕೂಡಿಸ್ರಿ.